ಆಮೆನ್ ಅಂದಮೇಲೆ

ಮಾಲೂರಿನ ನಮ್ಮ ಆಸ್ಪತ್ರೆಯ ನರ್ಸಮ್ಮ ರೋಗಿಯ ತಲೆ ಮುಟ್ಟಿ ಮಾಡುತ್ತಿದ್ದ ಪ್ರಾರ್ಥನೆ ಎರಡೇ ಮಾತಿನದು. ಮುಗಿದ ಕೂಡಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಆಮೆನ್ ಅಂದಾಯ್ತಲ್ಲ, ಇನ್ನು ಎದ್ದು ನಡೀರಿ" ಎನ್ನುತ್ತಿದ್ದರು.

ಎಂಬತ್ತರ ದಶಕದ ಒಂದು ಭಾನುವಾರ. ಚರ್ಚಿನಲ್ಲಿ ಮೊದಲ ಪ್ರಾರ್ಥನೆ ಮುಗಿದು, ಸಭೆಯ ಹಿರಿಯರಾದ ಇಟ್ಟಿಗೆ ಗೂಡಿನ ಸಾಹುಕಾರರು ಬೈಬಲ್ ಓದಲು ಎದ್ದರು. ಮುಂಗಡದ ಸಾಲ ತೀರುವ ಮೊದಲೇ ಊರಿಗೆ ಹೋಗುತ್ತೇನೆ ಎಂದ ಕೂಲಿಯವನ ಹೆಂಡತಿಯನ್ನೂ ಕೂಸನ್ನೂ ಅವರು ಗೂಡಿನ ಶೆಡ್ಡಿನಲ್ಲಿ ಕೂಡಿಹಾಕಿದ್ದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟಿರಲಿಲ್ಲ.

ಹೆಂಗಸರ ಸಾಲಿನಿಂದ ನರ್ಸಮ್ಮ ಎದ್ದರು. "ಅಣ್ಣಾ, ಶೆಡ್ಡಿನ ಬೀಗದ ಕೈ ಜೇಬಲ್ಲಿಟ್ಕೊಂಡು ದೇವರ ವಾಕ್ಯ ಓದ್ತೀರಾ?"

"ಆರಾಧನೆ ಮುಗೀಲಿ ಸಿಸ್ಟರ್" ಎಂದರು ಪಾದ್ರಿಗಳು.

"ಆಮೆನ್ ಅಂದಾಯ್ತಲ್ಲ ಅಯ್ಯನೋರೇ, ಇನ್ನು ಎದ್ದು ನಡೀರಿ."

ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯನ್ನೂ ಮೆಟ್ಟದೆ ನರ್ಸಮ್ಮ ಗೂಡಿನ ದಾರಿ ಹಿಡಿದರು. ಅವರ ಹಿಂದೆ ಮೊದಲು ಎದ್ದವಳು ನಮ್ಮಮ್ಮ. ಇದನ್ನು ಇಂದಿಗೂ ಹೇಳಿಕೊಳ್ಳುತ್ತೇನೆ. ಆಮೇಲೆ ಹೆಂಗಸರೆಲ್ಲ ಎದ್ದರು. ಕೊನೆಗೆ ಪಾದ್ರಿಗಳು, ಅವರ ಬೆನ್ನಿಗೆ ಬೀಗದ ಕೈ ಹಿಡಿದ ಸಾಹುಕಾರರು.

ತೆರೆದ ಶೆಡ್ಡಿನ ಮುಂದೆ, ಇಟ್ಟಿಗೆ ಧೂಳಿನಲ್ಲಿ ನಿಂತೇ ಪಾದ್ರಿಗಳು ಅಂದಿನ ಕಡೆಯ ಆಶೀರ್ವಾದ ಹೇಳಿದರು. ನಾವೆಲ್ಲ ಆಮೆನ್ ಎಂದು ತಲೆಯೆತ್ತುವಷ್ಟರಲ್ಲಿ ನರ್ಸಮ್ಮ ಕೂಸನ್ನು ಸೊಂಟಕ್ಕೇರಿಸಿಕೊಂಡು, ತಾಯಿಯ ಕೈ ಹಿಡಿದು, ಆಸ್ಪತ್ರೆಯ ಕಡೆ ಅರ್ಧ ದಾರಿ ನಡೆದಾಗಿತ್ತು.