ಹದಿನೆಂಟು ಮುಖ, ನೂರು ಎಂಬಿ

ಮದುವೆ ವಿಡಿಯೋ ಮಾಡುವವನು ಯಾರ ಮುಖವನ್ನೂ ಬಿಡಬಾರದು. ತಾಳಿ ಕಟ್ಟುವ ಗಳಿಗೆ ಅರೆಕ್ಷಣ ತಪ್ಪಿದರೂ ಜನ ಕ್ಷಮಿಸುತ್ತಾರೆ. ಊಟದ ಪಂಕ್ತಿಯಲ್ಲಿ ಕೂತಿದ್ದ ಸೋದರತ್ತೆಯ ಮುಖ ಬರಲಿಲ್ಲ ಅಂದರೆ ಮೂರು ವರ್ಷ ಮಾತು ಬಿಡುತ್ತಾರೆ. ಚಳ್ಳಕೆರೆಯಲ್ಲಿ ಸ್ವಂತ ಅಂಗಡಿ ಹಾಕುವ ಮುಂಚೆ ಬೇರೆಯವರ ಕ್ಯಾಮೆರಾ ಪಕ್ಕ ಫೋಕಸ್ ಲೈಟು ಹಿಡಿದು ನಿಂತು ಕಲಿತ ವಿದ್ಯೆ ಇದು. ಅಪ್ಪ ಕೊಟ್ಟಿದ್ದಲ್ಲ, ಯಾರೂ ಹೇಳಿಕೊಟ್ಟಿದ್ದೂ ಅಲ್ಲ. ಇದೇ ವಿದ್ಯೆಯಿಂದ ಒಬ್ಬ ಟೀಚರ ಇಡೀ ವರ್ಷವನ್ನು ನೀರುಪಾಲು ಮಾಡುವುದರಲ್ಲಿದ್ದೆ.

ಟೀಚರು ಮೊಳಕಾಲ್ಮೂರಿನವರು. ಅವರ ಅಕ್ಕನ ಮದುವೆಗೆ ನಾನೇ ವಿಡಿಯೋ ಮಾಡಿದ್ದೆ. ರಾಂಪುರದ ಆಚೆಗಿನ ಒಂದು ಹಟ್ಟಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದರು. ಜೊತೆಗೆ ಶಿಕ್ಷಕರ ತರಬೇತಿಯನ್ನು ಆನ್‌ಲೈನಿನಲ್ಲಿ ಓದುತ್ತಿದ್ದರು. ತರಬೇತಿಯ ಕೊನೆಯ ಕೆಲಸ, ತರಗತಿಯಲ್ಲಿ ಮಾಡಿದ ಒಂದು ಪಾಠದ ವಿಡಿಯೋ ಕಳಿಸುವುದು. ಶನಿವಾರ ಸಂಜೆ ಐದರೊಳಗೆ ಹೋಗಬೇಕು. ತಪ್ಪಿದರೆ ಮುಂದಿನ ವರ್ಷ. ಮುಂದಿನ ವರ್ಷಕ್ಕೆ ಕಾಯಂ ಹುದ್ದೆಯ ಅರ್ಜಿಗೆ ಅವರ ವಯಸ್ಸಿನ ಮಿತಿಯೇ ದಾಟಿಬಿಡುತ್ತಿತ್ತು.

ನಿಯಮದ ಹಾಳೆಯನ್ನು ಟೀಚರು ನನ್ನ ಕೌಂಟರ್ ಮೇಲೆ ಹರಡಿದರು. ಹೆಚ್ಚೆಂದರೆ ಇಪ್ಪತ್ತು ನಿಮಿಷ, ಎಲ್ಲೂ ಕತ್ತರಿಸಿರಬಾರದು. ಕನಿಷ್ಠ ಹದಿನೈದು ಮಕ್ಕಳಿರಬೇಕು. ಬೋರ್ಡಿನ ಮೇಲೆ ಬರೆದದ್ದು ಓದುವಂತಿರಬೇಕು. ಫೈಲು ನೂರು ಎಂಬಿ ಮೀರಬಾರದು.

"ನನ್ ಫೋನಲ್ಲಿ ಮಾಡಿದ್ದೆ ಅಣ್ಣ. ಹನ್ನೊಂದನೇ ನಿಮಿಷಕ್ಕೆ ಜಾಗ ತುಂಬಿ ಅರ್ಧ ಪಾಠಕ್ಕೇ ನಿಂತೋತು."

"ಫೋನು ಬಿಡ್ರಿ. ನಾನಿದೀನಲ್ಲ," ಅಂದೆ. ಹಾಳೆಯನ್ನು ಸರಿಯಾಗಿ ಓದಲೂ ಇಲ್ಲ. ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ: ಯಾವುದೇ ಕೆಲಸಗಾರ ಹಾಳೆ ಓದದೆ "ನಾನಿದೀನಲ್ಲ" ಅಂದರೆ, ಹಾಳೆಯನ್ನು ವಾಪಸ್ ಅವನ ಕೈಗೆ ಕೊಟ್ಟು ಜೋರಾಗಿ ಓದಿಸಿ.

ಆಗ ಕಡ್ಲೆಕಾಯಿ ಕೀಳುವ ದಿನಗಳು. ತರಗತಿಯಲ್ಲಿ ಹದಿನೆಂಟು ಮಕ್ಕಳು, ಅದರಲ್ಲಿ ಅರ್ಧ ಹೊಲದಲ್ಲಿ. ಗುರುವಾರ ಬೆಳಿಗ್ಗೆ ಬೈಕಿನಲ್ಲಿ ಕ್ಯಾಮೆರಾ ಕಟ್ಟಿಕೊಂಡು ಹೋದವನು ಶಾಲೆಗೂ ಮುಂಚೆ ಹಟ್ಟಿಗೆ ಹೋದೆ. ವ್ಯಾಪಾರ ಮಾತಾಡುವುದು ನನ್ನ ಕೆಲಸ ತಾನೇ. ಕಟ್ಟೆ ಮೇಲೆ ಒಬ್ಬ ಅಜ್ಜ ಕೂತಿದ್ದರು, ಹಟ್ಟಿಯ ಹಿರೀಕರು. ಅವರ ಮೊಮ್ಮಗಳು ಬುಟ್ಟಿ ಹಿಡಿದು ಹೊರಡಲು ನಿಂತಿದ್ದಳು. ಅಜ್ಜ ಒಪ್ಪಿದರೆ ಹಟ್ಟಿಯೇ ಒಪ್ಪಿದಂತೆ.

"ಕಾಯಿ ಕೀಳೋ ಟೈಮಲ್ಲಿ ಎಂಥ ವಿಡಿಯೋ ನಿಂದು?" ಅಂದರು ಅಜ್ಜ.

"ಅಜ್ಜಾರೇ, ಮೊಮ್ಮಗಳ ಮುಖ ಟೀವೀಲಿ ಬಂದಂಗೆ ಬರ್ತೈತೆ. ಮನೆಗೆ ಒಂದು ಕಾಪಿ ಕೊಡ್ತೀನಿ."

"ಎಷ್ಟೊತ್ತು ಬರ್ತೈತೆ?"

"ಅರ್ಧ ನಿಮಿಷ."

"ಅರ್ಧ ನಿಮಿಷದ ಮುಖಕ್ಕೆ ಅರ್ಧ ದಿನದ ಕೆಲ್ಸ ಬಿಡಾಕಾಗ್ತೈತಾ? ಎರಡು ನಿಮಿಷ ಮಾಡು."

"ಹದಿನೆಂಟು ಮಕ್ಕಳು ಅದಾರೆ ಅಜ್ಜಾರೇ. ಎಲ್ಲರಿಗೂ ಎರಡು ಅಂದ್ರೆ ಟೀಚರ್ ಎಲ್ಲಿಗೋಗ್ಬೇಕು?"

"ಟೀಚರಮ್ಮನ್ನ ದಿನಾ ನೋಡ್ತೀವಿ ಬಿಡು."

ಕೊನೆಗೆ ಒಂದು ನಿಮಿಷಕ್ಕೆ ಬಂದು ನಿಂತಿತು. ಚೌಕಾಸಿಯಲ್ಲಿ ಅಜ್ಜ ನನಗಿಂತ ಗಟ್ಟಿ. ಅದು ನನಗೆ ಖುಷಿಯೇ. ಮುಕ್ಕಾಲು ಗಂಟೆಯಲ್ಲಿ ಹದಿನೆಂಟೂ ಮಕ್ಕಳು ತಲೆಗೆ ಎಣ್ಣೆ ಒತ್ತಿಕೊಂಡು, ಹಬ್ಬಕ್ಕೆ ತೆಗೆದಿಟ್ಟ ಬಟ್ಟೆ ತೊಟ್ಟು ಹಾಜರು. ಒಬ್ಬನ ಅಂಗಿಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು.

ಪಾಠ ಭಿನ್ನರಾಶಿ. ಟೀಚರು ಮೂರು ಬೀಜದ ಕಡ್ಲೆಕಾಯಿಗಳನ್ನೇ ಆರಿಸಿ ತಂದಿದ್ದರು. ಕಾಯಿ ಒಡೆ, ಮೂರರಲ್ಲಿ ಒಂದು ತೆಗೆ, ಎಷ್ಟು ಉಳಿಯಿತು? ಅಂತ ಕೇಳುತ್ತಾ ಬೋರ್ಡಿನ ಮೇಲೆ ಬರೆಯುತ್ತಿದ್ದರು. ನಾನು ಕ್ಯಾಮೆರಾವನ್ನು ಹೆಗಲ ಮೇಲಿಟ್ಟುಕೊಂಡು ಸಾಲು ಸಾಲಿಗೆ ಓಡಾಡಿದೆ. ಒಂದು ಮುಖ, ಇನ್ನೊಂದು ಮುಖ, ಹತ್ತಿರಕ್ಕೆ, ದೂರಕ್ಕೆ. ನಾನು ಹೋದ ಕಡೆಗೆ ಮಕ್ಕಳ ಕತ್ತು ಸೂರ್ಯಕಾಂತಿ ಹೂವಿನಂತೆ ತಿರುಗುತ್ತಿತ್ತು. ಅರ್ಧ ಮಕ್ಕಳು ಮೂರರಲ್ಲಿ ಮೂರನ್ನೂ ತಿಂದುಬಿಟ್ಟಿದ್ದರು. ಅದೂ ಬಂತು. ಒಂದು ಮುಖವೂ ತಪ್ಪಲಿಲ್ಲ ಅಂತ ಎದೆಯುಬ್ಬಿಸಿಕೊಂಡೇ ವಾಪಸಾದೆ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಟೀಚರು ಚಳ್ಳಕೆರೆಗೆ ಬಂದರು. ಅಷ್ಟೊತ್ತಿಗೆ ನಾನು ಕಂಪ್ಯೂಟರಿನ ಮುಂದೆ ಗುದ್ದಾಡುತ್ತಿದ್ದೆ. ಫೈಲು ನಾಲ್ಕು ಜಿಬಿ. ಅದನ್ನು ನೂರು ಎಂಬಿಗೆ ಇಳಿಸಿದರೆ ಬೋರ್ಡಿನ ಮೇಲಿನ ಅಂಕಿ ಒದ್ದೆ ಬಟ್ಟೆಯಲ್ಲಿ ಒರೆಸಿದಂತೆ ಕಾಣುತ್ತಿತ್ತು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಅಂಕಿ ಓದುವಂತೆ ಇಟ್ಟರೆ ಫೈಲು ಮುನ್ನೂರು ದಾಟುತ್ತಿತ್ತು.

"ಒಂದ್ ಕೆಲ್ಸ ಮಾಡಣ ಟೀಚರ್. ಮಕ್ಕಳು ತಿನ್ನೋದು, ನಗೋದು ಎಲ್ಲ ಕತ್ತರಿಸಿ ಏಳು ನಿಮಿಷಕ್ಕೆ ತರ್ತೀನಿ. ನೀವು ಪಾಠ ಮಾಡೋದಷ್ಟೇ ಇರ್ತೈತೆ. ಯಾರಿಗ್ ಗೊತ್ತಾಗ್ತೈತೆ?"

"ಕತ್ತರಿಸಿಲ್ಲ ಅಂತ ಸೈನ್ ಹಾಕಿದೀನಿ ಅಣ್ಣ."

"ಸೈನ್ ಎಲ್ಲಾರೂ ಹಾಕ್ತಾರೆ."

"ನಾನು ಓದಿ ಹಾಕಿದೀನಿ."

ಮುಂದೆ ಚೌಕಾಸಿಗೆ ಜಾಗವಿರಲಿಲ್ಲ. ಟೀಚರು ಸ್ಕ್ರೀನಿನ ಹತ್ತಿರ ಕುರ್ಚಿ ಎಳೆದುಕೊಂಡು ಮೊದಲಿನಿಂದ ನೋಡತೊಡಗಿದರು. ನಾನೂ ಪಕ್ಕದಲ್ಲಿ ನಿಂತೆ. ಆಗ ಕಣ್ಣಿಗೆ ಬಿದ್ದಿದ್ದು ಇಷ್ಟು: ಮೊದಲ ಎರಡು ನಿಮಿಷ ಬೋರ್ಡು ಚೊಕ್ಕ. ಆ ಎರಡು ನಿಮಿಷ ನಾನು ಬಾಗಿಲಿಗೆ ಒರಗಿ ಅಲುಗಾಡದೆ ನಿಂತಿದ್ದೆ. ಓಡಾಡಲು ಶುರು ಮಾಡಿದ ಮೇಲೆ ಎಲ್ಲ ಕಲಸಿಹೋಗಿತ್ತು.

ಹಣೆ ಬಡಕೊಂಡೆ. ವಿಷಯ ತುಂಬ ಸರಳ, ವಿಡಿಯೋ ಕಳಿಸುವವರೆಲ್ಲ ನೆನಪಿಟ್ಟುಕೊಳ್ಳಿ. ಕ್ಯಾಮೆರಾ ಒಂದೇ ಕಡೆ ನಿಂತರೆ ಗೋಡೆ ಗೋಡೆಯಾಗಿಯೇ ಇರುತ್ತದೆ. ಕಂಪ್ಯೂಟರು ಅದನ್ನು ಒಂದು ಸಲ ಬರೆದುಕೊಂಡು, ಬದಲಾದದ್ದನ್ನಷ್ಟೇ ಸೇರಿಸುತ್ತಾ ಹೋಗುತ್ತದೆ. ಕ್ಯಾಮೆರಾ ತಿರುಗಿದರೆ ಗೋಡೆ, ಕಿಟಕಿ, ತಲೆ ಎಲ್ಲವನ್ನೂ ಮತ್ತೆ ಮತ್ತೆ ಬರೆಯಬೇಕು. ಮಡಿಸಿಟ್ಟ ಗೋಣಿಚೀಲಕ್ಕೆ ಎಷ್ಟು ಜಾಗ ಬೇಕು, ಗಾಳಿಗೆ ಹಾರಾಡುವ ಚೀಲಕ್ಕೆ ಎಷ್ಟು ಬೇಕು! ಮದುವೆ ಮನೆಯಲ್ಲಿ ಈ ತೊಂದರೆ ಬರುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ನೂರು ಎಂಬಿಯ ಮದುವೆ ಕೇಳುವುದಿಲ್ಲ.

"ತಪ್ಪು ನಂದು ಟೀಚರ್," ಅಂದೆ. ಗಿರಾಕಿಯ ಮುಂದೆ ಈ ಮಾತು ಆಡಿದ್ದು ಅದೇ ಮೊದಲೇನೋ. "ನೀವು ಚೆನ್ನಾಗೇ ಮಾಡಿದೀರಿ. ನಾನು ಮದುವೆ ಮಾಡ್ಬಿಟ್ಟೆ."

ಬೈಯುತ್ತಾರೆ ಅಂದುಕೊಂಡೆ. ಟೀಚರು ವಿಡಿಯೋ ನಿಲ್ಲಿಸಿ ಹಿಂದಿನ ಸಾಲಿನ ಒಂದು ಹುಡುಗಿಯ ಮೇಲೆ ಬೆರಳಿಟ್ಟಿದ್ದರು. ಅಜ್ಜನ ಮೊಮ್ಮಗಳು. "ಇವಳು ನಾಲ್ಕು ಸಲ ಕೈ ಎತ್ತಿದಾಳೆ ಅಣ್ಣ. ನಾನು ನೋಡೇ ಇಲ್ಲ." ಆಮೇಲೆ ಕಣ್ಣೊರೆಸಿಕೊಂಡರು.

ಉಳಿದದ್ದು ಒಂದೇ ದಾರಿ. ಶನಿವಾರ ಬೆಳಗಿನ ಶಾಲೆ. ಆಗಲೇ ಮತ್ತೆ ಮಾಡಬೇಕು, ಮಧ್ಯಾಹ್ನ ಇಲ್ಲಿಗೆ ತರಬೇಕು, ಐದರೊಳಗೆ ಕಳಿಸಬೇಕು. ಆದರೆ ಕ್ಯಾಮೆರಾ ತರಗತಿಯ ಹಿಂದೆ ಕದಲದೆ ನಿಂತರೆ ಕಾಣುವುದು ಹದಿನೆಂಟು ಬೆನ್ನು. ಹಟ್ಟಿಗೆ ನಾನು ಮಾರಿದ್ದು ಮುಖ.

ಬೆಳಿಗ್ಗೆ ಏಳಕ್ಕೇ ಅಜ್ಜನ ಕಟ್ಟೆ ಮುಂದೆ ನಿಂತೆವು. ನಾನು ಇದ್ದದ್ದು ಇದ್ದಂತೆ ಹೇಳಿದೆ.

"ಅಂದ್ರೆ ಮೊನ್ನೆ ಮಾಡಿದ್ದು ಹಾಳಾತು?"

"ಹಾಳಾಗಿಲ್ಲ. ನಿಮಗೆ ಕೊಡೋ ಕಾಪಿ ಅದೇ. ಟೀಚರ್ ಕಳ್ಸಾಕೆ ಬೇರೆ ಬೇಕು."

"ಅದ್ರಾಗೆ ಮುಖ ಬರಲ್ಲ?"

"ಬೆನ್ನು ಬರ್ತೈತೆ ಅಜ್ಜಾರೇ."

"ಬೆನ್ನು ನೋಡಾಕೆ ಕುರಿ ಅದಾವೆ ನನ್ ಹತ್ರ," ಅಂದರು ಅಜ್ಜ. ಸುತ್ತ ನಿಂತವರು ನಕ್ಕರು. ಆಗ ಟೀಚರು ಮುಂದೆ ಬಂದರು.

"ತಾತಾ, ಒಬ್ಬೊಬ್ಬರನ್ನೇ ಬೋರ್ಡಿನ ಹತ್ರ ಕರೀತೀನಿ. ಲೆಕ್ಕ ಬರೆದು, ಈ ಕಡೆ ತಿರುಗಿ, ಎಲ್ಲಾರಿಗೂ ಹೇಳ್ಬೇಕು. ಆಗ ಮುಖ ಬರ್ತೈತೆ. ಒಬ್ಬರಿಗೆ ಒಂದು ನಿಮಿಷ."

ಅಜ್ಜ ಬೆರಳು ಮಡಿಸಿದರು. ಹದಿನೆಂಟು ಮಕ್ಕಳು, ಹದಿನೆಂಟು ನಿಮಿಷ. "ಉಳಿದಿದ್ದು ಎರಡೇ ಆತಲ್ಲಮ್ಮ. ನಿನಗೆ ಸಾಕಾ?"

"ಸಾಕು."

"ಇವಳನ್ನ ಕರೀತೀಯಾ?" ಅಂತ ಮೊಮ್ಮಗಳ ಕಡೆ ಕತ್ತು ತಿರುಗಿಸಿದರು.

"ಮೊದ್ಲು ಅವಳನ್ನೇ."

ಹದಿನಾರು ಮಕ್ಕಳು ಬಂದರು. ಇಬ್ಬರು ಆಗಲೇ ಹೊಲಕ್ಕೆ ಹೋಗಿದ್ದರು. ಹದಿನೈದರ ಮೇಲೆ ಒಂದಿತ್ತಲ್ಲ, ಸಾಕು. ಕ್ಯಾಮೆರಾವನ್ನು ಹಿಂದಿನ ಗೋಡೆಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೋರ್ಡು ಪೂರ್ತಿ ಬರುವಂತೆ ಇಟ್ಟು ಬಟನ್ ಒತ್ತಿದೆ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ನೆಲದ ಮೇಲೆ ಕೂತೆ. ಇಪ್ಪತ್ತು ವರ್ಷದ ಅಭ್ಯಾಸದ ಕೈ, ನಂಬುವ ಹಾಗಿಲ್ಲ.

ಮೊದಲು ಅಜ್ಜನ ಮೊಮ್ಮಗಳು. ಕಾಯಿ ಒಡೆದಳು, ಒಂದು ಬೀಜ ಬಾಯಿಗೆ ಹಾಕಿಕೊಂಡಳು, ಸೀಮೆಸುಣ್ಣ ಹಿಡಿದು ನಿಂತಳು. ಬರೆಯಲಿಲ್ಲ. ಹತ್ತು ಸೆಕೆಂಡು. ಇಪ್ಪತ್ತು. ಟೀಚರು ಹೇಳಿಕೊಡಲಿಲ್ಲ, ಗದರಲಿಲ್ಲ. ಕೈ ಕಟ್ಟಿ ಕಾದರು. ಮದುವೆಯಾಗಿದ್ದರೆ ಅಷ್ಟೊತ್ತಿಗೆ ಪುರೋಹಿತರನ್ನೂ ಬಾಣಸಿಗರನ್ನೂ ತೋರಿಸಿ ಬಂದಿರುತ್ತಿದ್ದೆ. ಮುಕ್ಕಾಲು ನಿಮಿಷವಾದ ಮೇಲೆ ಹುಡುಗಿ ಎರಡು ಬರೆದು, ಕೆಳಗೆ ಗೆರೆ ಎಳೆದು, ಮೂರು ಬರೆದಳು. ನಮ್ಮ ಕಡೆ ತಿರುಗಿ, "ಮೂಡಿಂಟ್ಲೋ ರೆಂಡು," ಅಂದಳು. ಅವರ ಮನೆಯ ಮಾತು ತೆಲುಗು.

"ಹೌದು. ಮೂರರಲ್ಲಿ ಎರಡು," ಅಂದರು ಟೀಚರು. ಮಕ್ಕಳೆಲ್ಲ ಎರಡನ್ನೂ ಹೇಳಿದರು, ಮೊದಲು ಅವಳದ್ದು, ಆಮೇಲೆ ಟೀಚರದ್ದು.

ಪಾಠ ಮುಗಿದ ಮೇಲೆ ಶಾಲೆಯ ಹೊರಗೆ ಕೇಳಿದೆ: "ಕನ್ನಡ ಮೀಡಿಯಂ ಪಾಠ ಟೀಚರ್. ತೆಲುಗು ಬಂತಲ್ಲ, ಮಾರ್ಕು ಕಡಿಮೆ ಮಾಡಿದ್ರೆ?"

"ಮಾಡ್ಲಿ. ಲೆಕ್ಕ ಅವಳ್ದು ಸರಿ ಐತೆ."

ಒಂದು ಗಂಟೆಗೆ ಚಳ್ಳಕೆರೆ. ಫೈಲಿನ ಗಾತ್ರ ಇಳಿಸಲು ಹಾಕಿ ಇಬ್ಬರೂ ಊಟ ಮಾಡಲಿಲ್ಲ, ಎದ್ದರೆ ಏನಾದರೂ ಕೆಡುತ್ತದೆ ಅನ್ನುವ ಹಾಗೆ ಸ್ಕ್ರೀನನ್ನೇ ನೋಡುತ್ತಾ ಕೂತೆವು. ಎಂಬತ್ತನಾಲ್ಕು ಎಂಬಿ. ಬೋರ್ಡಿನ ಮೇಲಿನ ಒಂದೊಂದು ಅಂಕಿಯೂ ಮುತ್ತು. ಮೂರೂಕಾಲಕ್ಕೆ ಅಪ್‌ಲೋಡಿಗೆ ಹಾಕಿದರೆ ಅರವತ್ತು ಪರ್ಸೆಂಟಿಗೆ ಹೋಗಿ ನಿಂತಿತು. ಕೊನೆಯ ದಿನ ಊರೆಲ್ಲ ಒಂದೇ ಬಾಗಿಲಲ್ಲಿ ನುಗ್ಗಿದರೆ ಹೀಗೇ. ಮತ್ತೆ ಮೊದಲಿಂದ. ಮತ್ತೆ ನಿಂತಿತು. ಟೀಚರು ಬೆರಳ ಗೆಣ್ಣು ಹಿಸುಕಿಕೊಳ್ಳುತ್ತಾ, "ಅಣ್ಣ, ಒಂದ್ಸಲ ಬ್ಯಾಕ್ ಒತ್ತಿ ನೋಡಣಾ?" ಅಂದರು. "ಮುಟ್ಟಬ್ಯಾಡ್ರಿ," ಅಂದೆ. ಅಂಗಡಿಯ ನೆಟ್ ತೆಗೆದು ನನ್ನ ಫೋನಿನ ನೆಟ್ ಹಾಕಿದೆ. ನಾಲ್ಕೂ ನಲವತ್ತಕ್ಕೆ ಹಸಿರು ಅಕ್ಷರದಲ್ಲಿ ಬಂತು: ಸ್ವೀಕರಿಸಲಾಗಿದೆ.

"ಇನ್ನು ವಾಪಸ್ ಬರಲ್ಲ ತಾನೇ?"

"ಬರಲ್ಲ."

"ಪ್ರಿಂಟ್ ಕೊಡ್ರಿ."

ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡರು. ಮೊಳಕಾಲ್ಮೂರಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನೀರು ತರುತ್ತೇನೆ ಅಂತ ಒಳಗೆ ಹೋಗಿ ಬರುವಷ್ಟರಲ್ಲಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಲ್ಲೇ, ಗೋಡೆಗೆ ತಲೆ ಕೊಟ್ಟು ನಿದ್ದೆ ಹೋಗಿದ್ದರು. ಸೆರಗಿನ ಮೇಲೆ ಸೀಮೆಸುಣ್ಣದ ಪುಡಿ.

ಅಷ್ಟರಲ್ಲಿ ಒಬ್ಬರು ಜೆರಾಕ್ಸಿಗೆ ಬಂದರು, ಇನ್ನೊಬ್ಬರು ಮಗಳ ಮದುವೆಯ ದಿನ ಹಿಡಿದುಕೊಂಡು ಬಂದರು. ಜೆರಾಕ್ಸ್ ಮಷೀನು ಗಿರಣಿಯಂತೆ ಗುಡುಗುತ್ತದೆ. ಮದುವೆ ಮಾತು ಅದಕ್ಕಿಂತ ಜೋರು. ಬಂದ ಗಿರಾಕಿಯನ್ನು ಎಂದೂ ವಾಪಸ್ ಕಳಿಸದ ನಾನು, ತುಟಿಯ ಮೇಲೆ ಬೆರಳಿಟ್ಟು, ಆರು ಗಂಟೆಗೆ ಬನ್ನಿ ಅಂತ ಇಬ್ಬರಿಗೂ ಕೈಸನ್ನೆ ಮಾಡಿದೆ.