ಎಳ್ಳಮಾವಾಸ್ಯೆಯ ತಪಾಸಣೆ

ಸರಕಾರದ ಅನುದಾನದಲ್ಲಿ ಮಣ್ಣೂರಿನ ನಮ್ಮ ಮಹಿಳಾ ಮಂಡಳ ಶಿಶುವಿಹಾರ ನಡೆಸುತ್ತಿದ್ದ ಎಂಬತ್ತರ ದಶಕದ ಮಾತು. ಕಾರ್ಯದರ್ಶಿ, ಶಿಕ್ಷಕಿ, ಮೂಗು ಒರೆಸುವವಳು ಎಲ್ಲವೂ ನಾನೇ. ಕರಾರಿನ ಪ್ರಕಾರ ಇಪ್ಪತ್ತೈದು ಮಕ್ಕಳಿರಬೇಕು. ತಪಾಸಣೆಯ ದಿನ ಒಂದು ತಲೆ ಕಡಿಮೆಯಾದರೂ ಕರಾರು ರದ್ದು. ರದ್ದಾದರೆ ಕೂಲಿಗೆ ಹೋಗುವ ತಾಯಂದಿರು ಕೂಸುಗಳನ್ನು ಮತ್ತೆ ಹೊಲದ ಬದುವಿನ ಮೇಲೆ ಬಿಸಿಲಿಗೆ ಬಿಡಬೇಕು.

ತಪಾಸಣೆಗೆ ಬಂದವರು ಮೈಸೂರು ಕಡೆಯ ಅಧಿಕಾರಿ. ಪುಣ್ಯಾತ್ಮರು ಬಂದದ್ದು ಎಳ್ಳಮಾವಾಸ್ಯೆಯ ದಿನ! ನಮ್ಮ ಕಡೆ ಅಂದು ಊರಿಗೆ ಊರೇ ಹೊಲದಲ್ಲಿ ಊಟಕ್ಕೆ ಕೂತಿರುತ್ತದೆ.

"ಮಕ್ಕಳೆಲ್ಲಿ?" ಎಂದರು, ಖಾಲಿ ಚಾಪೆ ನೋಡಿ.

"ಹೊಲದಾಗ ಅದಾವ್ರಿ ಸಾಹೇಬ್ರ. ಬರ್ರಿ, ತೋರಸ್ತೇನಿ" ಎಂದೆ.

ಹೇಳಿದ ಮೇಲೆ ನೆನಪಾಯಿತು: ಒಂದು ಕೂಸು ತಾಯಿಯ ಜೊತೆ ಸೊಲ್ಲಾಪುರಕ್ಕೆ ಹೋಗಿತ್ತು.

ಆದರೆ ಅಂದು ಯಾರ ಹೊಲಕ್ಕೆ ಕಾಲಿಟ್ಟರೂ ಉಣ್ಣದೆ ಹೊರಬೀಳುವಂತಿಲ್ಲ. ನನ್ನ ತಲೆ ಓಡಿತು. ಕೈಬಿಚ್ಚಿ ಬಡಿಸುವವರ ಹೊಲಗಳಿಗೇ ಮೊದಲು ಕರೆದೊಯ್ದೆ. ಹೊಲಕ್ಕೆ ಎರಡು ಮೂರು ಕೂಸು ಸಿಗುತ್ತಿದ್ದವು. ನನ್ನನ್ನು ಕಂಡದ್ದೇ ತಾಯಿಯ ಪಕ್ಕದಿಂದೆದ್ದು ಓಡಿಬಂದು ಎಣ್ಣೆಗೈಯಲ್ಲೇ ಸೆರಗು ಹಿಡಿಯುತ್ತಿದ್ದವು. ಸಾಹೇಬರು ಪಟ್ಟಿಯಲ್ಲಿ ಗುರುತು ಹಾಕುವಷ್ಟರಲ್ಲಿ ಅವರ ಮುಂದೆ ಹತ್ತಾರು ಸೊಪ್ಪು ಕಾಳು ಬೆರೆಸಿದ ಭಜ್ಜಿ ಪಲ್ಯ, ಸಜ್ಜೆ ಕಡಬು, ಶೇಂಗಾ ಹೋಳಿಗೆ ಬಂದು ಬೀಳುತ್ತಿದ್ದವು.

"ಸಾಕಮ್ಮಾ!"

"ಇನ್ನೊಂದು ಹಾಕ್ಕೋರಿ ಸಾಹೇಬ್ರ. ಹಬ್ಬದಾಗ ಸಾಕು ಅನಬಾರದ್ರಿ."

ಎಂಟನೇ ಹೊಲದಲ್ಲಿ ಸಾಹೇಬರು ಬೆಲ್ಟ್ ಸಡಿಲಿಸಿ ಬೇವಿನ ಮರಕ್ಕೆ ಒರಗಿದರು. ಪಟ್ಟಿಯಲ್ಲಿ ಇನ್ನೂ ಏಳು ಮಕ್ಕಳು ಬಾಕಿ. "ಉಳಿದವರೂ ಇದ್ದಾರೆ ಅಂತ ನಂಬ್ತೀನಿ" ಎಂದು ಇಪ್ಪತ್ತೈದಕ್ಕೂ ಸಹಿ ಹಾಕಿದರು. ನಾನು ಮನಸ್ಸಿನಲ್ಲೇ ಕುಣಿದೆ.

ಜೀಪು ಹತ್ತುವಾಗ ಮೆಲ್ಲಗೆ ಹೇಳಿದರು: "ಒಂದು ಮಗು ಸೊಲ್ಲಾಪುರಕ್ಕೆ ಹೋಗಿದೆಯಂತೆ. ಮೊದಲನೇ ಹೊಲದ ಅಜ್ಜಿ ಹೇಳಿದ್ರು."

ನಾನು ಇಂಗು ತಿಂದ ಮಂಗನಂತಾದೆ. "ಮತ್ತ ಸಹಿ ಯಾಕ ಮಾಡಿದ್ರಿ ಸಾಹೇಬ್ರ?"

"ಹಬ್ಬದೂಟ ಬಿಟ್ಟು ಮಕ್ಕಳು ನಿಮ್ಮ ಹತ್ರ ಓಡಿ ಬಂದ್ವಲ್ಲಮ್ಮ. ಟೀಚರನ್ನ ಕಂಡು ಹಾಗೆ ಓಡಿ ಬರೋ ಮಕ್ಕಳನ್ನ ನಾನು ಬೇರೆಲ್ಲೂ ನೋಡಿಲ್ಲ."

ನನಗೆ ಕಣ್ಣು ತುಂಬಿ ಬಂತು. ಆದರೂ ಬಾಯಿ ಸುಮ್ಮನಿರಲಿಲ್ಲ: "ಮೊದಲನೇ ಹೊಲದಾಗೇ ಗೊತ್ತಾಗಿತ್ತಂದ್ರ ಎಂಟು ಹೊಲ ಯಾಕ ತಿರುಗಿದ್ರಿ?"

ಸಾಹೇಬರು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

"ಭಜ್ಜಿ ಒಂದೊಂದು ಹೊಲದಲ್ಲಿ ಒಂದೊಂದು ರುಚಿ ಇತ್ತಮ್ಮ."