ನಡುವೆ ನಿಲ್ಲುತ್ತಿದ್ದ ಪರದೆ

ನಮ್ಮ ಆಫೀಸಿನಲ್ಲಿ ನಾವೆಲ್ಲ ಅವರನ್ನು ಗಡಿಯಾರಣ್ಣ ಎನ್ನುತ್ತಿದ್ದೆವು. ವೆಬ್‌ಸೈಟ್‌ಗಳಲ್ಲಿ ಚಿತ್ರ ಜಾರುವುದು, ಗುಂಡಿ ಒತ್ತಿದರೆ ಕುಣಿಯುವುದು, ಇಂಥ ಆನಿಮೇಷನ್ ಬರೆಯುವುದು ಅವರ ಕೆಲಸ. ಬಾಗಿಲು ಮುಚ್ಚುವುದನ್ನು, ಲೋಟ ಕೆಳಗಿಡುವುದನ್ನು ಸ್ಟಾಪ್‌ವಾಚ್ ಹಿಡಿದು ಅಳೆದು, ಅದೇ ವೇಗಕ್ಕೆ ಕೋಡಿನ ಒಂದೊಂದು ಸಾಲನ್ನೂ ಕೈಯಾರೆ ಬರೆಯುತ್ತಿದ್ದರು. “ಮದುವೆಗೆ ಮುಂಚೆ ನನ್ನ ರೆಪ್ಪೆ ಬಡಿಯೋದನ್ನೂ ಅಳೆದಿರ್ತಾರೆ” ಎಂದು ಅವರ ಹೆಂಡತಿಯೇ ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ. ಒಂದು ಗುಂಡಿಗೆ ಎರಡು ದಿನ ಎಂದರೆ ಜೊತೆಗೆ ಕೆಲಸ ಮಾಡುವವಳಿಗೆ ಮೈ ಉರಿಯುವುದಿಲ್ಲವೇ!

“ಅಣ್ಣಾ, ಯಾರೋ ಪುಣ್ಯಾತ್ಮರು ಇದನ್ನೆಲ್ಲಾ ಮೊದಲೇ ಬರೆದು ಲೈಬ್ರರಿ ಮಾಡಿಟ್ಟಿದ್ದಾರೆ. ಮೂರು ಸಾಲು ಹಾಕಿದ್ರೆ ಮುಗೀತು.”

“ಅದರಲ್ಲಿ ಎಲ್ಲಾ ಒಂದೇ ಥರ ಓಡಾಡುತ್ತೆ ಕಣಮ್ಮ. ಮನುಷ್ಯರು ಹಾಗೆ ಓಡಾಡಲ್ಲ.”

ಅವರ ಮೊಲಕ್ಕೆ ಮೂರೇ ಕಾಲು. ನಾಲ್ಕು ತಿಂಗಳ ಹಿಂದೆ ಪರದೆ ಬಟ್ಟೆಯ ಅಂಗಡಿಯೊಂದರ ಸೈಟಿಗೂ ಹಾಗೇ ಬರೆದರು. ಪುಟ ತೆರೆದೊಡನೆ ಕಿಟಕಿಯ ಪರದೆ ಅರ್ಧಕ್ಕೆ ಸರಿದು, ಒಂದು ಗಳಿಗೆ ನಿಂತು, ಆಮೇಲೆ ಪೂರ್ತಿ ಸರಿಯುತ್ತಿತ್ತು.

ಮೊನ್ನೆ ಅಂಗಡಿಯ ಯಜಮಾನರು ಫೋನ್ ಮಾಡಿದರು. “ಪರದೆ ಸಿಕ್ಕಿಹಾಕ್ಕೊಳ್ಳುತ್ತೆ ಅಂತ ಗಿರಾಕಿಗಳು ನಗ್ತಾರಮ್ಮ!”

ಆಗ ಅಣ್ಣ ರಜೆಯಲ್ಲಿದ್ದರು. ಅತ್ತಿಗೆ ಹೃದಯಾಘಾತದಿಂದ ತೀರಿಕೊಂಡು ಹದಿನೈದು ದಿನವಾಗಿತ್ತು. ಅವರಿಗೆ ತೊಂದರೆ ಕೊಡುವುದೇಕೆ ಎಂದುಕೊಂಡು ಅವರ ಕೋಡ್ ತೆಗೆದು ಲೈಬ್ರರಿ ಹಾಕಿದೆ. ಪರದೆ ಎಲ್ಲೂ ನಿಲ್ಲದೆ ಸರ್ರನೆ ಸರಿಯಿತು. ಸುಳ್ಳೇಕೆ ಹೇಳಲಿ, ಗೆದ್ದೆನೆಂದು ಖುಷಿಯೂ ಆಯಿತು.

ಕೆಲಸಕ್ಕೆ ಮರಳಿದ ದಿನ ಅವರು ಹೆಗಲ ಚೀಲವನ್ನೂ ಇಳಿಸದೆ ಆ ಪುಟ ತೆರೆದರು. ಮತ್ತೆ ಮತ್ತೆ ತೆರೆದರು.

“ನಡುವೆ ನಿಲ್ತಿತ್ತಲ್ಲಮ್ಮ?”

“ದೋಷ ಇದೆ ಅಂದ್ರಣ್ಣ. ಸರಿ ಮಾಡ್ದೆ.”

“ನಿಮ್ಮ ಅತ್ತಿಗೆ ಪರದೆ ತೆಗೀತಿದ್ದದ್ದೇ ಹಾಗೆ. ದಿನಾ ಬೆಳಿಗ್ಗೆ ಮಲಗಿದ್ದಲ್ಲಿಂದಲೇ ಅಳೀತಿದ್ದೆ.”

ನನ್ನ ಆತುರಕ್ಕಿಷ್ಟು ಬೆಂಕಿ ಹಾಕ! “ಹಳೇ ಕೋಡ್ ಎಲ್ಲೂ ಹೋಗಿಲ್ಲ ಅಣ್ಣಾ, ಈಗಲೇ ವಾಪಸ್ ಹಾಕ್ತೀನಿ. ಯಜಮಾನರಿಗೆ ನಾನು ಹೇಳ್ಕೋತೀನಿ” ಎಂದು ಕೀಬೋರ್ಡ್ ಎಳೆದುಕೊಂಡೆ. ಎರಡು ನಿಮಿಷದಲ್ಲಿ ಪರದೆ ಮೊದಲಿನಂತೆ ಅರ್ಧಕ್ಕೆ ಬಂದು ನಿಂತಿತು.

ಅವರು ಅದನ್ನೇ ನೋಡುತ್ತಾ ಕುಳಿತರು.

“ಎಡಭುಜ ನೋಯ್ತಿತ್ತಂತೆ. ಎಂಟು ತಿಂಗಳಿಂದ. ಕೈ ಎಳೆಯಕ್ಕಾಗದೆ ಅರ್ಧಕ್ಕೆ ನಿಲ್ತಿದ್ಲು. ಆಸ್ಪತ್ರೇಲಿ ಅವಳು ಡಾಕ್ಟರಿಗೆ ಹೇಳುವಾಗ್ಲೇ ನಂಗೆ ಗೊತ್ತಾಗಿದ್ದು. ಎಷ್ಟು ಹೊತ್ತು ನಿಲ್ತಾಳೆ ಅಂತ ಕರಾರುವಾಕ್ಕಾಗಿ ಅಳೆದೆ ಕಣಮ್ಮ. ಯಾಕೆ ನಿಲ್ತೀಯ ಅಂತ ಒಂದಿನಾನೂ ಕೇಳಲಿಲ್ಲ.”

ಅಳು ಬಂತು, ಅತ್ತುಬಿಟ್ಟೆ.

ಅವರೇ ಕೈ ಚಾಚಿ, ತಾವು ಬರೆದ ಸಾಲುಗಳನ್ನು ಒಂದೊಂದಾಗಿ ಅಳಿಸಿದರು.

“ಲೈಬ್ರರೀನೇ ಇರ್ಲಿ ಬಿಡಮ್ಮ. ಅದರಲ್ಲಾದ್ರೂ ಅವಳು ನೋವಿಲ್ಲದೆ ಪರದೆ ತೆಗೀಲಿ.”